ಉತ್ತರ ಕೊಟ್ಟವರನ್ನೇ ಕೇಳದ ತೀರ್ಮಾನ

ಕೋಡ್ ಬರೆಯುವವರು ಎಲ್ಲಿಯಾದರೂ ಸಿಕ್ಕಿಕೊಂಡರೆ ಮೊದಲು ಹುಡುಕುತ್ತಿದ್ದುದು ಸ್ಟಾಕ್ ಓವರ್‌ಫ್ಲೋ ತಾಣವನ್ನು. 2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯಲ್ ಸ್ಪೋಲ್ಸ್ಕಿ ಆರಂಭಿಸಿದ ಈ ಪ್ರಶ್ನೋತ್ತರ ತಾಣ ಬೆಳೆದದ್ದು ಸಂಬಳವಿಲ್ಲದೆ ದುಡಿದವರಿಂದ. ಉತ್ತರ ಬರೆದವರು, ತಪ್ಪು ತಿದ್ದಿದವರು, ಕಸ ತೆಗೆದವರು ಎಲ್ಲರೂ ಸ್ವಯಂಸೇವಕರೇ. ಅವರ ಮಾತಿಗೆ ಅಲ್ಲೀಗ ಕಿಮ್ಮತ್ತು ಕಡಿಮೆಯಾಗುತ್ತಿದೆ. ಇದನ್ನು ಒಂದು ಕಂಪನಿಯ ಒಳಜಗಳವೆಂದು ತಳ್ಳಿಹಾಕುವಂತಿಲ್ಲ.

2021ರಲ್ಲಿ ಪ್ರೋಸಸ್ ಎಂಬ ಹೂಡಿಕೆ ಕಂಪನಿ 180 ಕೋಟಿ ಡಾಲರ್‌ಗೆ ಸ್ಟಾಕ್ ಓವರ್‌ಫ್ಲೋ ಖರೀದಿಸುವುದಾಗಿ ಪ್ರಕಟಿಸಿತು. ಮರುವರ್ಷದ ಕೊನೆಗೆ ಚಾಟ್‌ಜಿಪಿಟಿ ಬಂದದ್ದೇ ತಡ, ಅದು ಬರೆದ, ಮೇಲ್ನೋಟಕ್ಕೆ ಸರಿಯೆನಿಸುವ ತಪ್ಪು ಉತ್ತರಗಳು ರಾಶಿ ಬಿದ್ದವು. ತಾಣ ಅವನ್ನು ನಿಷೇಧಿಸಿತು. ಆದರೆ 2023ರ ಮೇ ಕೊನೆಯಲ್ಲಿ, ಅಂಥ ಉತ್ತರಗಳನ್ನು ತೆಗೆಯುತ್ತಿದ್ದ ಸ್ವಯಂಸೇವಕ ಮಾಡರೇಟರ್‌ಗಳ ಕೈಯನ್ನು ಕಂಪನಿಯೇ ಕಟ್ಟಿಹಾಕಿತು. ಜೂನ್ 5ರಂದು ಅವರು ಮುಷ್ಕರ ಹೂಡಿದರು. ಮಾತುಕತೆ ನಡೆದು ಮುಷ್ಕರ ಮುಗಿದದ್ದು ಆಗಸ್ಟ್‌ನಲ್ಲಿ. 2024ರ ಮೇನಲ್ಲಿ ಚಾಟ್‌ಜಿಪಿಟಿ ರೂಪಿಸಿದ ಓಪನ್‌ಎಐಗೆ ತಾಣದ ಬರಹಗಳನ್ನು ಒದಗಿಸುವ ಒಪ್ಪಂದ ಪ್ರಕಟವಾದಾಗ, ಪ್ರತಿಭಟಿಸಿ ತಮ್ಮ ಉತ್ತರಗಳನ್ನೇ ಅಳಿಸಲು ಹೋದ ಕೆಲವರ ಖಾತೆಗಳನ್ನು ಅಮಾನತಿನಲ್ಲಿಡಲಾಯಿತು.

ಹೊಸ ಪ್ರಶ್ನೆಗಳು ತೀವ್ರವಾಗಿ ಇಳಿದಿರುವುದು ನಿಜ. ಕಂಪನಿ ಹೊಸ ದಾರಿ ಹುಡುಕುವುದೂ ಸಹಜ. ಹೊಸಬರನ್ನು ಗದರಿಸಿ ಓಡಿಸಿದ ದೋಷ ಹಳೆಯ ಬಳಗದ ಮೇಲೂ ಇದೆ. ಆದರೆ ಈ ಜ್ಞಾನವನ್ನು ನಂಬುವಂತೆ ಮಾಡಿದ್ದು ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸಿದ ಮನುಷ್ಯರ ವಿವೇಚನೆ. ಅವರನ್ನು ಹೊರಗಿಟ್ಟು ರೂಪಿಸುವ ಯಾವ ಯೋಜನೆಯೂ ಆ ನಂಬಿಕೆಯನ್ನು ಉಳಿಸಲಾರದು. ಕೃತಕ ಬುದ್ಧಿಮತ್ತೆ ಕಲಿತದ್ದೂ ಇಂಥ ಉತ್ತರಗಳಿಂದಲೇ. ಬರೆಯುವವರು ಬಿಟ್ಟುಹೋದರೆ ನಾಳೆ ಹುಟ್ಟುವ ತಂತ್ರಾಂಶಗಳ ತೊಡಕಿಗೆ ಪರೀಕ್ಷಿಸಿದ ಉತ್ತರ ಎಲ್ಲಿಂದ ಬರಬೇಕು?

ಅಲ್ಲಿನ ಬರಹಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ, ಅಂದರೆ ಬರೆದವರ ಹೆಸರು ಹೇಳಿ, ಅದೇ ಪರವಾನಗಿಯ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಬಹುದು; ಅವು ಕಂಪನಿಯೊಂದರ ಸ್ವತ್ತಲ್ಲ. ಹಾಗಾಗಿ ನೀತಿ ಬದಲಿಸುವ ಮುನ್ನ ಕರಡನ್ನು ಸ್ವಯಂಸೇವಕರ ಮುಂದಿಡಬೇಕು, ಅವರ ಆಕ್ಷೇಪಕ್ಕೆ ಲಿಖಿತ ಉತ್ತರ ಕೊಡಬೇಕು. ಇಡೀ ದತ್ತಾಂಶದ ಪ್ರತಿ ನಿಯಮಿತವಾಗಿ ಎಲ್ಲರಿಗೂ ಸಿಗುವಂತೆ ನೋಡಿಕೊಳ್ಳಬೇಕು. ಈ ಉತ್ತರಗಳಿಂದ ಲಾಭ ಪಡೆದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೂ ಹೊಣೆಯಿದೆ: ತಮ್ಮ ಎಂಜಿನಿಯರ್‌ಗಳು ಉತ್ತರ ಬರೆಯಲು, ತಿದ್ದಲು ಕೆಲಸದ ವೇಳೆಯಲ್ಲೇ ಅವಕಾಶ ಕೊಡಲಿ. ಪುಕ್ಕಟೆ ಸಿಕ್ಕ ಜ್ಞಾನಕ್ಕೂ ಯಾರೋ ತಮ್ಮ ಸಮಯ ತೆತ್ತಿದ್ದಾರೆ. ಅವರು ಬೇಸತ್ತು ಎದ್ದು ಹೋದ ಮೇಲೆ ಎಷ್ಟು ಹಣ ಸುರಿದರೂ ಆ ಬಳಗವನ್ನು ಮತ್ತೆ ಕಟ್ಟಲಾಗದು.