ರಾಕ್ಷಸರಿಗೆ ಡಬ್ಬಿಂಗ್ ಬೇಕಿರಲಿಲ್ಲ

2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ದೂರದರ್ಶನ 'ಶಕ್ತಿಮಾನ್' ಮರುಪ್ರಸಾರ ಮಾಡಿತು. ಆಗಿನಿಂದ ನಮ್ಮ ಜನರೇಷನ್ನಿಗೆ ಒಂದು ಚಟ ಹತ್ತಿದೆ. ಹಳೇ ಎಪಿಸೋಡ್ ಹಾಕೋದು, ತಮ್‌ರಾಜ್ ಕಿಲ್ವಿಷ್‌ನ ವೇಷ ನೋಡಿ ನಗೋದು, 'ಏನ್ ಗ್ರಾಫಿಕ್ಸ್ ಮಗಾ ಇದು' ಅಂತ ಆಫೀಸ್ ಗ್ರೂಪಿಗೆ ಕ್ಲಿಪ್ ಕಳಿಸೋದು. ನಾನೂ ಇತ್ತೀಚೆಗೆ ಸಾಲಾಗಿ ಕೂತು ನೋಡಿದೆ. ಗ್ರಾಫಿಕ್ಸ್ ಬಗ್ಗೆ ನನ್ನದೇನೂ ತಕರಾರಿಲ್ಲ. ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಈ ಸೀರಿಯಲ್ಲಿನ ಜನ ಏನು ಮಾತಾಡ್ತಿದ್ದಾರೆ ಅನ್ನೋದು ನನಗೆ ಪೂರ್ತಿ ಅರ್ಥವಾಗಿದ್ದು ಈಗ, ವಯಸ್ಸು ಮೂವತ್ತು ದಾಟಿದ ಮೇಲೆ!

ಶಕ್ತಿಮಾನ್ ಶುರುವಾಗಿದ್ದು 1997ರ ಸೆಪ್ಟೆಂಬರ್‌ನಲ್ಲಿ, ಮುಗಿದಿದ್ದು 2005ರಲ್ಲಿ. ಹೆಚ್ಚುಕಮ್ಮಿ ನನ್ನ ಇಡೀ ಸ್ಕೂಲ್ ಜೀವನ. ಶ್ರೀನಿವಾಸಪುರ ತಾಲೂಕಿನ ನಮ್ಮ ಹಳ್ಳಿಯಲ್ಲಿ ಮನೆಮಾತು ತೆಲುಗು, ಸ್ಕೂಲಲ್ಲಿ ಕನ್ನಡ. ಹಿಂದಿ ಅಂದ್ರೆ ಪರೀಕ್ಷೆಯಲ್ಲಿ ಪಾಸಾದರೆ ಸಾಕು ಅನ್ನಿಸುವ ಮೂರನೇ ಭಾಷೆ. ಆದರೂ ಒಂದು ಎಪಿಸೋಡೂ ಬಿಡ್ತಿರಲಿಲ್ಲ. ಕಿಲ್ವಿಷ್ ಕೆಟ್ಟವನು ಅಂತ ಅವನ ನಗೆಯೇ ಹೇಳ್ತಿತ್ತು. ಡಾ. ಜೈಕಾಲ್ ತಲೆಕೆಟ್ಟ ವಿಜ್ಞಾನಿ ಅನ್ನೋದಕ್ಕೆ ಅವನ ಕಣ್ಣೇ ಸಾಕಿತ್ತು. ಕತ್ತಲೆಯೇ ಉಳಿಯಲಿ ಅನ್ನೋ ಅರ್ಥದ ಕಿಲ್ವಿಷ್‌ನ ಘೋಷಣೆಯನ್ನು, ಏನಂತ ಗೊತ್ತಿಲ್ಲದೆ, ಮಾವಿನ ತೋಪಿನಲ್ಲಿ ಕೂಗಿಕೊಂಡು ತಿರುಗಿದವರು ನಾವು.

ರಾಕ್ಷಸನಿಗೆ ಭಾಷೆ ಬೇಡ, ನೋಡಿ. ಭಯಕ್ಕೂ ಬೇಡ, ಗಿರಗಿರ ತಿರುಗಿ ಹಾರೋ ಹೀರೋಗೂ ಬೇಡ. ಭಾಷೆ ಬೇಕಾಗಿದ್ದು ಉಳಿದ ಎಲ್ಲದಕ್ಕೂ. ಜೈಕಾಲ್ ಮಾಡ್ತಿದ್ದ ಪ್ರಯೋಗ ಏನು? ಬುದ್ಧಿವಂತನಾದ ವಿಜ್ಞಾನಿ ಯಾಕೆ ಅಧಿಕಾರದ ಹುಚ್ಚಿಗೆ ಬಿದ್ದ? ಕಥೆ ಮುಗಿದ ಮೇಲೆ ಶಕ್ತಿಮಾನ್ ಮಕ್ಕಳಿಗೆ ಹೇಳ್ತಿದ್ದ ಬುದ್ಧಿಮಾತು ಏನು? ಅದೆಲ್ಲ ನಮ್ಮ ಪಾಲಿಗೆ ಬರೀ ಸದ್ದು.

ಆ ಕಾಲದಲ್ಲಿ ಶಕ್ತಿಮಾನ್ ಬಂದು ಕಾಪಾಡ್ತಾನೆ ಅಂತ ನಂಬಿ ಮಕ್ಕಳು ಅಪಾಯ ಮಾಡಿಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿದ್ದವು. ಮುಖೇಶ್ ಖನ್ನಾ ಅವರೇ ಆ ವೇಷದಲ್ಲಿ ಪರದೆ ಮೇಲೆ ಬಂದು, ಹೀಗೆಲ್ಲ ಮಾಡಬೇಡಿ ಅಂತ ಮಕ್ಕಳಿಗೆ ಹೇಳಿದರು. ಹೇಳಿದ್ದು ಹಿಂದಿಯಲ್ಲಿ. ಹಾರೋದು ಹೇಗೆ ಅಂತ ನಮ್ಮೂರ ಮಕ್ಕಳಿಗೆ ಚೆನ್ನಾಗಿ ಗೊತ್ತಾಯ್ತು. ಹಾರಬೇಡಿ ಅಂದಿದ್ದು ಗೊತ್ತಾಗಲಿಲ್ಲ.

ಹಾಗಾದರೆ ಕನ್ನಡದಲ್ಲಿ ಯಾಕೆ ಬರಲಿಲ್ಲ? ಡಬ್ಬಿಂಗ್ ಬೇಡ ಅನ್ನೋ ಕಾನೂನು ಯಾವತ್ತೂ ಇರಲಿಲ್ಲ, ಇದ್ದದ್ದು ಕಟ್ಟುಪಾಡು. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಅಂಥವರು ಹೋರಾಡಿದ್ದಕ್ಕೆ ಕಾರಣವಿತ್ತು. ಆಗಿನ್ನೂ ಮದ್ರಾಸಿನ ಸ್ಟುಡಿಯೋಗಳನ್ನೇ ನಂಬಿಕೊಂಡಿದ್ದ ಕನ್ನಡ ಚಿತ್ರರಂಗಕ್ಕೆ ಉಸಿರಾಡಲು ಜಾಗ ಬೇಕಿತ್ತು. ಆ ಹೋರಾಟಕ್ಕೆ ನನ್ನ ನಮಸ್ಕಾರ. ಆದರೆ ಸಸಿಗೆ ಹಾಕಿದ ಬೇಲಿಯನ್ನು ಮರವಾದ ಮೇಲೂ ಬಿಚ್ಚದಿದ್ದರೆ ಹೇಗೆ ಸ್ವಾಮಿ? 2012ರಲ್ಲಿ 'ಸತ್ಯಮೇವ ಜಯತೆ' ತಮಿಳು, ತೆಲುಗು, ಮಲಯಾಳಂನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಕಟ್ಟುಪಾಡು ತಪ್ಪು ಅಂತ ಆದೇಶ ಕೊಟ್ಟು, ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಅದನ್ನು ಹೇರಿದ ಸಂಸ್ಥೆಗಳಿಗೆ ದಂಡ ಹಾಕಿತು. ಕೊನೆಗೆ 2020ರಲ್ಲಿ ಕನ್ನಡಕ್ಕೆ ಡಬ್ ಆದ 'ಮಹಾಭಾರತ'ವನ್ನು ಜನ ಮನೆಮಂದಿಯೆಲ್ಲ ಕೂತು ನೋಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

'ಡಬ್ಬಿಂಗ್ ಬಂದರೆ ಸ್ವಂತಿಕೆ ಸಾಯುತ್ತೆ' ಅಂತಾರೆ. ಸರಿ, ಅಷ್ಟು ವರ್ಷ ಕಾಪಾಡಿಕೊಂಡ ಆ ಜಾಗದಲ್ಲಿ ಮಕ್ಕಳಿಗೆ ಅಂತ ಏನು ಕಟ್ಟಿದಿರಿ? ನಮ್ಮೂರ ಹುಡುಗರು ಶಕ್ತಿಮಾನ್‌ಗೆ ಕಾದು ಕೂತ ಹಾಗೆ ಕಾದು ನೋಡಿದ ಒಂದೇ ಒಂದು ಕನ್ನಡದ ವೈಜ್ಞಾನಿಕ ಸೀರಿಯಲ್ ಹೆಸರು ಹೇಳಿ. ಬರೆಯುವವರು ಇರಲಿಲ್ಲ ಅನ್ನಬೇಡಿ, ರಾಜಶೇಖರ ಭೂಸನೂರಮಠರು ಕನ್ನಡದಲ್ಲೇ ಸೈನ್ಸ್ ಫಿಕ್ಷನ್ ಬರೆದಿದ್ದಾರೆ. ಕನ್ನಡಕ್ಕೆ ವಿಜ್ಞಾನ ಹೇಳೋಕೆ ಬರಲ್ಲ ಅನ್ನೋದೂ ಬೇಡ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆ ಎಷ್ಟೋ ವರ್ಷ ಅದೇ ಕೆಲಸ ಮಾಡಿದೆ.

ನಷ್ಟ ಯಾರಿಗಾಯ್ತು ಅಂತ ಗಡಿಯಲ್ಲಿ ನಿಂತು ನೋಡಿ. ಮುಳಬಾಗಿಲಿನಿಂದ ನಂಗಲಿ ದಾಟಿದರೆ ಆಂಧ್ರ, ಮಾಲೂರಿನಿಂದ ಮುಂದೆ ಹೋದರೆ ಹೊಸೂರು. ಆ ಕಡೆಯ ಹುಡುಗನಿಗೆ ಹಾಲಿವುಡ್ಡಿನ ದೈತ್ಯರೂ ಅವನದೇ ಭಾಷೆಯಲ್ಲಿ ಸಿಕ್ಕರು. ಈ ಕಡೆಯವನು ಅದನ್ನೇ ತೆಲುಗಲ್ಲೋ ತಮಿಳಲ್ಲೋ ನೋಡಿದ. ಕನ್ನಡ ಅವನಿಗೆ ಪಾಠದ ಭಾಷೆಯಾಗಿ ಉಳಿಯಿತು, ರೋಮಾಂಚನದ ಭಾಷೆ ಬೇರೆಯದಾಯ್ತು. ಕನ್ನಡ ಉಳಿಸೋದಕ್ಕೆ ಅಂತ ಮಾಡಿದ ಕಟ್ಟುಪಾಡು ಕನ್ನಡ ನೋಡುಗರನ್ನೇ ಗಡಿ ದಾಟಿಸಿತು.

'ಕನ್ನಡ ಡಬ್ಬಿಂಗ್ ಕೇಳೋಕೆ ಕೃತಕ' ಅಂತ ಮೂಗು ಮುರಿಯೋರು ನಮ್ಮ ಆಫೀಸಲ್ಲೂ ಇದ್ದಾರೆ. ನಿಜ, ಕೆಲವು ಹಾಗೇ ಇವೆ. ಮೊದಲ ರಿಲೀಸಲ್ಲಿ ಬಗ್ ಇದ್ದರೆ ನಾವು ಪ್ರಾಡಕ್ಟೇ ಮುಚ್ತೀವಾ? ಫಿಕ್ಸ್ ಮಾಡ್ತೀವಿ. ಆದರೆ ಬಳಸೋರೇ ಇಲ್ಲ ಅಂದರೆ ಫಿಕ್ಸ್ ಮಾಡೋಕೆ ಯಾರೂ ದುಡ್ಡು ಹಾಕಲ್ಲ. ನೀವು ಒತ್ತುವ ಆಡಿಯೋ ಬಟನ್ ಎಲ್ಲೋ ಒಂದು ಡ್ಯಾಶ್‌ಬೋರ್ಡಲ್ಲಿ ಲೆಕ್ಕಕ್ಕೆ ಬರುತ್ತೆ, ಇದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ಮುಂದಿನ ಸಲ ಮಕ್ಕಳ ಜೊತೆ ಕೂತು ಯಾವುದಾದರೂ ಏಲಿಯನ್ ಸೀರೀಸ್ ಹಾಕುವಾಗ ಭಾಷೆಯ ಪಟ್ಟಿ ತೆರೆದು ನೋಡಿ. ಕನ್ನಡ ಇದ್ದರೆ ಅದನ್ನೇ ಒತ್ತಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಆ ಕಂಪನಿಗೆ ಎರಡು ಸಾಲು ಬರೆಯಿರಿ. ಕನ್ನಡದಲ್ಲೇ ಬರೆಯಿರಿ.