ಭಾನುವಾರದ ಗಾಡಿಯಲ್ಲಿ ಕೂತು ಮನೆ ಕೊಳ್ಳಬೇಡಿ



“ಬಾಡಿಗೆ ಕೊಡುವುದೆಂದರೆ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತೆ, ಎಲ್ಲಾದರೂ ಸರಿ, ಮೊದಲು ಒಂದು ಸ್ವಂತ ಖೋಲಿ ಮಾಡಿಕೊಳ್ಳಿ.” ಈ ಉಪದೇಶವನ್ನು ಮುಂಬಯಿಯ ನಮ್ಮ ಹೊಟೇಲು ಕಾರ್ಮಿಕರು ಕೇಳದ ದಿನವಿಲ್ಲ. ಗಲ್ಲೆಯ ಮೇಲೆ ಕೂತ ಧಣಿಗಳು ಹೇಳುತ್ತಾರೆ. ಊರಿನಿಂದ ಬಂದ ಮಾವ ಹೇಳುತ್ತಾರೆ. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವನು ಹೇಳುತ್ತಾನೆ. ನಾವೂ ನಮ್ಮ ಸಭೆಗಳಲ್ಲಿ ಹೇಳಿದ್ದುಂಟು. ಅದರಲ್ಲಿ ಅರ್ಧ ಸತ್ಯವಿದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ “ಎಲ್ಲಾದರೂ ಸರಿ” ಎಂಬ ಮಾತಿದೆಯಲ್ಲ, ಅದು ನಮ್ಮವರ ಮನೆ ಮುರಿಯುತ್ತಿದೆ. ಅದರ ವಿರುದ್ಧ ಬರೆಯಲೆಂದೇ ಇಂದು ಕುಳಿತಿದ್ದೇವೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಯಾವುದಾದರೂ ದೂರದ ಉಪನಗರದ ಸ್ಟೇಶನ್ನಿನ ಹೊರಗೆ ನಿಂತು ನೋಡಿ. ಬಿಲ್ಡರನ ಗಾಡಿ ಕಾದಿರುತ್ತದೆ. ಇಸ್ತ್ರಿ ಅಂಗಿಯ ತರುಣನೊಬ್ಬ ನಮ್ಮವರನ್ನು ‘ಶೇಟ್’ ಎಂದು ಕರೆದು ಒಳಗೆ ಕೂರಿಸುತ್ತಾನೆ. ವಾರವಿಡೀ ‘ಏ ಅಣ್ಣಾ, ಸಾಂಬಾರ್ ಲಾ’ ಎಂದು ಕರೆಸಿಕೊಂಡವನಿಗೆ ಆ ಒಂದು ‘ಶೇಟ್’ ಕೇಳಿದೊಡನೆ ಅರ್ಧ ಬುದ್ಧಿ ಹೊರಟುಹೋಗುತ್ತದೆ. ಉಳಿದರ್ಧ ಸ್ಯಾಂಪಲ್ ಫ್ಲ್ಯಾಟಿನ ತಂಪುಗಾಳಿಯಲ್ಲಿ ಹೋಗುತ್ತದೆ. ಖಾಲಿ ರಸ್ತೆಯಲ್ಲಿ ಗಾಡಿ ಓಡಿಸಿ “ಸ್ಟೇಶನ್ನಿನಿಂದ ಹತ್ತೇ ನಿಮಿಷ” ಎಂದು ಕೈಗಡಿಯಾರ ತೋರಿಸುತ್ತಾರೆ. ಮಧ್ಯಾಹ್ನದೊಳಗೆ ಟೋಕನ್ ಹಣ ಕೈ ಬದಲಾಯಿಸಿರುತ್ತದೆ. ಒಂದು ಕಿಲೋ ತೊಗರಿಬೇಳೆ ಕೊಳ್ಳುವಾಗ ನಾಲ್ಕು ಕಾಳು ಅಂಗೈಗೆ ಹಾಕಿ ಉಜ್ಜಿ ನೋಡುವ ಜನ ನಾವು!

ನಮ್ಮ ಸಂಘದ ಒಬ್ಬ ಸದಸ್ಯರ ಸಂಗತಿ ಹೇಳುತ್ತೇವೆ. ಹೆಸರು ಬೇಡ, ಓದಿದವರಲ್ಲಿ ಕೆಲವರಿಗೆ ತಾನಾಗಿ ತಿಳಿಯುತ್ತದೆ. ಕೋಟೆಯ ಹೊಟೇಲೊಂದರಲ್ಲಿ ಇಪ್ಪತ್ತೆರಡು ವರ್ಷ ಸಪ್ಲಯರ್ ಆಗಿ ದುಡಿದವರು. ಊರಿನ ಗದ್ದೆಯ ಪಾಲು ಅಣ್ಣನಿಗೆ ಬಿಟ್ಟುಕೊಟ್ಟ ಹಣ, ಹೆಂಡತಿಯ ಬಳೆ, ಮೇಲೆ ಸಾಲ – ಎಲ್ಲ ಕೂಡಿಸಿ ಪಶ್ಚಿಮ ರೈಲ್ವೆಯ ಒಂದು ದೂರದ ಉಪನಗರದಲ್ಲಿ ಮೂರನೆಯ ಮಾಳಿಗೆಯ ಮನೆ ಕೊಂಡರು. ದಲಾಲ ಯಾರು? ಅವರದೇ ಊರಿನವನು. “ನಮ್ಮವನೇ ಮೋಸ ಮಾಡುತ್ತಾನೆಯೇ?” ಎಂದರು. ನಲ್ಲಿಯಲ್ಲಿ ನೀರಿಲ್ಲ, ಟ್ಯಾಂಕರ್ ಬರುತ್ತದೆ. ಅದರ ಖರ್ಚು ತಿಂಗಳು ತಿಂಗಳು ಬೇರೆ. ಹೊಟೇಲು ಮುಚ್ಚಿ, ಮೇಜು ಒರೆಸಿ, ಲೆಕ್ಕ ಒಪ್ಪಿಸುವಷ್ಟರಲ್ಲಿ ಮಧ್ಯರಾತ್ರಿ ದಾಟುತ್ತದೆ. ಕೊನೆಯ ಗಾಡಿ ಸಿಕ್ಕಿದರೆ ಪುಣ್ಯ, ಸಿಕ್ಕಿದರೂ ಇಳಿದ ಮೇಲೆ ಶೇರ್ ರಿಕ್ಷಾ ಇಲ್ಲ. ಬೆಳಿಗ್ಗೆ ಐದಕ್ಕೆ ಮತ್ತೆ ಹಾಲಿನ ಕ್ಯಾನು ಇಳಿಸಿಕೊಳ್ಳಲು ಹಾಜರಿರಬೇಕು. ಹೀಗಾಗಿ ವಾರದಲ್ಲಿ ಐದು ರಾತ್ರಿ ಅವರು ಹಿಂದಿನಂತೆಯೇ ಹೊಟೇಲಿನ ಮೇಜಿನ ಮೇಲೆ ಮಲಗುತ್ತಾರೆ. ಭಾಷೆ ತಿಳಿಯದ ಆ ಬಡಾವಣೆಯಲ್ಲಿ ಹೆಂಡತಿ ಇಬ್ಬರು ಮಕ್ಕಳೊಡನೆ ಕದ ಹಾಕಿಕೊಂಡು ಕೂರುತ್ತಾಳೆ. ಎರಡನೆಯ ವರ್ಷ ಕಟ್ಟಡದ ಗೋಡೆಗೆ ಅನಧಿಕೃತವೆಂಬ ನೋಟೀಸು ಅಂಟಿತು. ದಲಾಲನ ಫೋನು ಅಂದಿನಿಂದ ಬಂದಾಗಿದೆ.

ಆ ದಲಾಲನನ್ನು ಬೈಯುವುದು ಸುಲಭ. ಆದರೆ ಆತ ಅವರಿಗೆ ಪರಿಚಯವಾದದ್ದು ಎಲ್ಲಿ? ನಮ್ಮ ಸಂಘದ ವಾರ್ಷಿಕೋತ್ಸವದ ಮಂಟಪದಲ್ಲಿ. ಬಾಗಿಲ ಬಳಿ ಮೇಜು ಹಾಕಿಕೊಂಡು ಬಣ್ಣದ ಚೀಟಿ ಹಂಚಿದ. ಅದಕ್ಕೆ ಬದಲಾಗಿ ಮೈಕು, ಕುರ್ಚಿಗಳ ಖರ್ಚು ವಹಿಸಿಕೊಂಡ. ನಾವು ಅವನಿಗೆ ಹಾರ ಹಾಕಿದೆವು. ಆ ಹಾರದ ಫೋಟೋವನ್ನೇ ಆತ ಮುಂದೆ ಪ್ರಮಾಣಪತ್ರದಂತೆ ತೋರಿಸಿದನೆಂದು ಈಗ ತಿಳಿಯುತ್ತದೆ. ಈ ಪಾಪದಲ್ಲಿ ನಮ್ಮ ಪಾಲಿದೆ. ಮುಚ್ಚಿಟ್ಟು ಬರೆದರೆ ಈ ಪತ್ರಿಕೆಗೆ ಮರ್ಯಾದೆಯಲ್ಲ.

ಇದು ಒಬ್ಬರ ದುರ್ದೈವವೆಂದು ತಿಳಿಯಬೇಡಿ. 2013ರ ಏಪ್ರಿಲ್ 4ರಂದು ಮುಂಬ್ರಾ ಹತ್ತಿರದ ಶೀಳ್ ಫಾಟಾದಲ್ಲಿ ಕಟ್ಟುತ್ತಿದ್ದಂತೆಯೇ ಜನರನ್ನು ತುಂಬಿಸಿದ್ದ ಅನಧಿಕೃತ ಕಟ್ಟಡ ಕುಸಿದು 74 ಜನ ಸತ್ತರು. 2025ರ ಆಗಸ್ಟ್ ಕೊನೆಯಲ್ಲಿ ವಿರಾರಿನಲ್ಲಿ ನಡುರಾತ್ರಿ ಮತ್ತೊಂದು ಅನಧಿಕೃತ ಕಟ್ಟಡ ಬಿತ್ತು, ಸತ್ತವರು 17. ನಾಲಾಸೋಪಾರದ ಪೂರ್ವದಲ್ಲಿ, ಚರಂಡಿ ನೀರಿನ ಶುದ್ಧೀಕರಣಕ್ಕೂ ಕಸದ ವಿಲೇವಾರಿಗೂ ಕಾದಿಟ್ಟ ಜಾಗದಲ್ಲಿ ಎದ್ದಿದ್ದ 41 ಕಟ್ಟಡಗಳನ್ನು ಮುಂಬಯಿ ಹೈಕೋರ್ಟಿನ ಆದೇಶದ ಮೇರೆಗೆ 2024ರ ಕೊನೆ ಮತ್ತು 2025ರ ಆರಂಭದಲ್ಲಿ ಕೆಡವಿದರು. ಸಾವಿರಾರು ಜನ ಪಾತ್ರೆ ಪಗಡೆ ಹಿಡಿದು ಬೀದಿಯಲ್ಲಿ ನಿಂತರು. ಕಟ್ಟಿದವರು ಬೀದಿಗೆ ಬಂದದ್ದನ್ನು ನಾವು ಕಾಣಲಿಲ್ಲ.

ಕಲ್ಯಾಣ ಡೊಂಬಿವಲಿಯ 65 ಕಟ್ಟಡಗಳ ಕಥೆಯನ್ನಂತೂ ಪ್ರತಿಯೊಬ್ಬನೂ ತಿಳಿದಿರಬೇಕು. ಅಲ್ಲಿ ಪಾಲಿಕೆಯ ಹೆಸರಿನಲ್ಲಿ ಖೋಟಾ ಅನುಮತಿ ಪತ್ರಗಳನ್ನು ಸೃಷ್ಟಿಸಿ, ಅದರ ಬಲದಿಂದ ಮಹಾರೇರಾದ ನೋಂದಣಿಯನ್ನೂ ಪಡೆದಿದ್ದರು. ಕೊಂಡವರಲ್ಲಿ ಅನೇಕರಿಗೆ ಬ್ಯಾಂಕಿನ ಸಾಲವೂ ಸಿಕ್ಕಿತ್ತು. ಆದರೂ 2024ರ ನವೆಂಬರಿನಲ್ಲಿ ಹೈಕೋರ್ಟು ಕೆಡವಲು ಹೇಳಿತು. “ಬ್ಯಾಂಕು ಸಾಲ ಕೊಟ್ಟಿದೆ, ನಂಬರು ಇದೆ, ಇನ್ನೇನು ನೋಡುವುದು?” ಎಂದು ಕೇಳುವ ಬುದ್ಧಿವಂತರಿಗೆ ಉತ್ತರ ಅಲ್ಲಿದೆ.

ಹಾಗಾದರೆ ಏನು ಮಾಡಬೇಕು? 2017ರ ಮೇ 1ರಿಂದ ಹೊಸ ಕಟ್ಟಡಗಳಿಗೆ ಮಹಾರೇರಾ ನೋಂದಣಿ ಕಡ್ಡಾಯವಾಗಿದೆ. 500 ಚದರ ಮೀಟರಿನೊಳಗಿನ ಜಾಗಕ್ಕೆ, ಅಥವಾ ಎಂಟು ಮನೆಯೊಳಗಿನ ಕಟ್ಟಡಕ್ಕೆ ಮಾತ್ರ ವಿನಾಯಿತಿ. ನಂಬರು ಇಲ್ಲದಿದ್ದರೆ ಅಲ್ಲಿಂದಲೇ ಹಿಂದಿರುಗಿ. ಇದ್ದರೆ ಅದು ಕೆಲಸದ ಆರಂಭ ಮಾತ್ರ. ಬಿಲ್ಡರ್ ತೋರಿಸುವ ಸಿ.ಸಿ., ಎಂದರೆ ಕಟ್ಟಡ ಶುರುಮಾಡುವ ಅನುಮತಿ ಪತ್ರ, ಅದರ ನಕಲು ಹಿಡಿದು ಪಾಲಿಕೆಯ ನಗರ ರಚನಾ ವಿಭಾಗಕ್ಕೆ ಹೋಗಿ, “ಇದು ನಿಮ್ಮದೇ ಕಾಗದವೇ?” ಎಂದು ಕೇಳಿ. ಬಾಯಲ್ಲಿ ಹೇಳದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಅರ್ಜಿಗೆ ಹತ್ತು ರೂಪಾಯಿ, ಒಂದು ಕಟಿಂಗ್ ಚಹಾದ ದುಡ್ಡು. ಜಾಗದ ಸಾತ್‌ಬಾರಾ ತೆಗೆಸಿ, ಅದರಲ್ಲಿ ಯಾರ ಹೆಸರಿದೆ, ಯಾವ ಬೋಜಾ ಇದೆ ಎಂಬುದನ್ನು ಮರಾಠಿ ಬಲ್ಲವರಿಂದ ಓದಿಸಿಕೊಳ್ಳಿ. ಕಟ್ಟಿ ಮುಗಿದ ಮನೆಯಾದರೆ ಓ.ಸಿ. ಕೇಳಿ. “ಬರುತ್ತದೆ, ಬರುತ್ತದೆ” ಎಂದರೆ ಬಂದ ಮೇಲೆ ನಾವೂ ಬರುತ್ತೇವೆ ಎನ್ನಿ. ರೇರಾ ಕಾಯಿದೆಯ ಪ್ರಕಾರ, ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ನಮ್ಮವರು ಬಿಳಿ ಚೀಟಿಯ ಮೇಲೆ ಅರ್ಧ ಹಣ ಎಣಿಸಿ ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇವೆ.

ಇಷ್ಟು ಕಾಗದದ ಮಾತಾಯಿತು. ಜಾಗವನ್ನು ನೋಡುವ ರೀತಿ ಬೇರೆ. ಭಾನುವಾರದ ಹಗಲು ಬಿಲ್ಡರನದು. ನಮ್ಮ ಸಮಯ ಅದಲ್ಲ. ಯಾವ ಗಾಡಿಯಲ್ಲಿ ನೀವು ದಿನವೂ ಮರಳಬೇಕೋ ಆ ಗಾಡಿಯಲ್ಲಿ ಹೋಗಿ ಇಳಿಯಿರಿ. ಚರ್ಚ್‌ಗೇಟಿನಿಂದ ವಿರಾರ್ 60 ಕಿಲೋಮೀಟರಿನ ದಾರಿ, ಸಿಎಸ್‌ಎಂಟಿಯಿಂದ ಬದ್ಲಾಪುರ ಅದಕ್ಕಿಂತಲೂ ದೂರ. ಸ್ಟೇಶನ್ನಿನಿಂದ ಆ ಕಟ್ಟಡಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಗಡಿಯಾರ ನೋಡಿ. ದಾರಿದೀಪ ಇದೆಯೇ? ನಾಯಿಗಳೆಷ್ಟು? ಮತ್ತೊಂದು ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಆ ಪ್ಲಾಟ್‌ಫಾರಂ ಮೇಲೆ ನಿಂತು ಮುಂಬಯಿ ಕಡೆಯ ಗಾಡಿ ಹತ್ತಲು ಪ್ರಯತ್ನಿಸಿ. 2025ರ ಜೂನ್ 9ರಂದು ಮುಂಬ್ರಾ ಬಳಿ ಬಾಗಿಲಿಗೆ ಜೋತು ಹೋಗುತ್ತಿದ್ದವರು ಬಿದ್ದು ಸತ್ತದ್ದು ಇಂಥದೇ ಬೆಳಗಿನಲ್ಲಿ.

ಮಳೆಗಾಲದಲ್ಲಿ ಒಮ್ಮೆ ಹೋಗದೆ ಹಣ ಕೊಡಲೇಬೇಡಿ. ಏಪ್ರಿಲಿನಲ್ಲಿ ಎಲ್ಲ ಜಾಗವೂ ಎತ್ತರವೇ. 2018ರ ಜುಲೈಯಲ್ಲಿ ನಾಲಾಸೋಪಾರದ ಹಳಿಗಳೇ ನೀರಿನಲ್ಲಿ ಮುಳುಗಿ ರೈಲು ನಿಂತವು. 2019ರ ಜುಲೈ 27ರಂದು ಬದ್ಲಾಪುರ ವಾಂಗಣಿ ನಡುವೆ ಉಲ್ಹಾಸ ನದಿ ಉಕ್ಕಿ, ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನ ಸಾವಿರದಷ್ಟು ಪ್ರಯಾಣಿಕರನ್ನು ದೋಣಿಯಲ್ಲಿ ಇಳಿಸಬೇಕಾಯಿತು. ನೀರು ಎಲ್ಲಿಯವರೆಗೆ ಬರುತ್ತದೆಂದು ಬಿಲ್ಡರನ ತರುಣನನ್ನು ಕೇಳಬೇಡಿ. ಕೆಳಗಿನ ಕಿರಾಣಿ ಅಂಗಡಿಯವನನ್ನು ಕೇಳಿ, ಅವನು ಅಕ್ಕಿಮೂಟೆಯನ್ನು ಯಾವ ಎತ್ತರದ ಹಲಗೆಯ ಮೇಲೆ ಇಟ್ಟಿದ್ದಾನೆಂದು ನೋಡಿ.

ಇನ್ನೊಂದು ಮಾತು, ಸಿಟ್ಟು ಬಂದರೂ ಬರಲಿ. ಮನೆ ಕೊಳ್ಳುವ ನಮ್ಮ ಗಂಡಸರಲ್ಲಿ ಅನೇಕರು ಹೆಂಡತಿಗೆ ಜಾಗ ತೋರಿಸುವುದು ಹಾಲು ಉಕ್ಕಿಸುವ ದಿನ. ಊರಿನಲ್ಲಿದ್ದಾಳೆ, ಅವಳಿಗೇನು ತಿಳಿಯುತ್ತದೆ ಎನ್ನುತ್ತಾರೆ. ಇಪ್ಪತ್ತು ತಾಸು ಆ ಮನೆಯಲ್ಲಿ ಇರುವವಳು ಅವಳು, ನಾಲ್ಕು ತಾಸು ಮಲಗಲು ಬರುವವರು ನಾವು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಶಾಲೆಗೆ ಮಕ್ಕಳು ರೈಲು ಹಳಿ ದಾಟಬೇಕೇ, ರಾತ್ರಿ ಜ್ವರ ಬಂದರೆ ಡಾಕ್ಟರ್ ಎಲ್ಲಿ – ಇದನ್ನು ಅವಳು ಅರ್ಧ ತಾಸಿನಲ್ಲಿ ಪಕ್ಕದ ಮನೆಯವಳಿಂದ ತಿಳಿದುಕೊಂಡು ಬರುತ್ತಾಳೆ, ಭಾಷೆ ಬರಲಿ ಬಾರದಿರಲಿ.

“ಅಲ್ಲಿ ನಮ್ಮವರು ಬಹಳ ಜನ ಇದ್ದಾರೆ, ಭಜನಾ ಮಂಡಳಿಯಿದೆ, ಯಕ್ಷಗಾನ ನಡೆಯುತ್ತದೆ” ಎಂಬ ವಾದವನ್ನು ನಾವು ಹಗುರಾಗಿ ಕಾಣುವುದಿಲ್ಲ. ಪರಊರಿನಲ್ಲಿ ಹೆಣಕ್ಕೆ ಹೆಗಲು ಕೊಡುವವರು ಬೇಕು. ಆದರೆ ನಮ್ಮವರು ಇದ್ದಾರೆಂದು ಸ್ಲಾಬು ನಿಲ್ಲುವುದಿಲ್ಲ. ನಮ್ಮವರು ಅಲ್ಲಿ ಹೇಗೆ ಬಂದರು? ಹಿಂದೆ ಒಬ್ಬನನ್ನು ಅದೇ ದಲಾಲ ಕರೆತಂದ, ಅವನನ್ನು ಕಂಡು ಮತ್ತಿಬ್ಬರು ಬಂದರು.

ಧಣಿಗಳಿಗೂ ಒಂದು ಮಾತು. “ಸ್ವಂತ ಮನೆಯಾಯಿತಲ್ಲ, ಇನ್ನು ಹೊಟೇಲಿನಲ್ಲಿ ಮಲಗುವ ಜಾಗ ಕೇಳಬೇಡ” ಎಂದು ಹೇಳುವವರು, ಕಾರ್ಮಿಕನನ್ನು ಮನೆ ಮುಟ್ಟುವ ಹೊತ್ತಿಗೆ ಬಿಡುವುದನ್ನೂ ಕಲಿಯಲಿ. ಈ ವಿಷಯವಾಗಿ ಬೇರೆಯೇ ಬರೆಯುವುದಿದೆ.

ಮುಂದಿನ ಮಹಾಸಭೆಯಲ್ಲಿ ನಾವು ಒಂದು ಠರಾವು ಮಂಡಿಸುತ್ತೇವೆ: ನೋಂದಣಿ ನಂಬರನ್ನೂ ಪಾಲಿಕೆಯಲ್ಲಿ ತಾಳೆ ನೋಡಿದ ಅನುಮತಿ ಪತ್ರವನ್ನೂ ಒಪ್ಪಿಸದ ಯಾವ ಬಿಲ್ಡರನ, ಯಾವ ದಲಾಲನ ಜಾಹೀರಾತೂ ಈ ಪತ್ರಿಕೆಯಲ್ಲಿ ಬರಕೂಡದು, ಅವರ ಹಣದಿಂದ ಸಂಘದ ಮಂಟಪ ಏಳಕೂಡದು. ಪತ್ರಿಕೆಗೆ ನಷ್ಟವಾಗುತ್ತದೆಂದು ಖಜಾಂಚಿಯವರು ಈಗಾಗಲೇ ಎಚ್ಚರಿಸಿದ್ದಾರೆ. ಆಗಲಿ, ಪುಟ ಕಡಿಮೆ ಮಾಡೋಣ. ಅಲ್ಲಿಯವರೆಗೆ, ಯಾರಾದರೂ ಟೋಕನ್ ಕೊಡುವ ವಿಚಾರದಲ್ಲಿದ್ದರೆ ಕೊಡುವ ಮೊದಲು ಕಾಗದಪತ್ರ ಹಿಡಿದು ಸಂಘದ ಕಚೇರಿಗೆ ಬನ್ನಿ. ಸೋಮವಾರ ಮತ್ತು ಗುರುವಾರ ರಾತ್ರಿ ಹನ್ನೊಂದರ ಮೇಲೆ ಒಂದರವರೆಗೆ ಬಾಗಿಲು ತೆರೆದಿರುತ್ತದೆ. ಮರಾಠಿ ಕಾಗದ ಓದಬಲ್ಲ ಇಬ್ಬರು ಕೂತಿರುತ್ತಾರೆ.