ಹೊಕ್ಕುಳ ಮಾಯದ ಮರಿಗಳನ್ನು ಕೊಳ್ಳಬೇಡಿ

ಮೀನು ತಿನ್ನುವ ಎಲ್ಲ ಕನ್ನಡಿಗರಲ್ಲಿ ಒಂದು ವಿನಂತಿ. ಮುಂದಿನ ಸಲ ಮಾರುಕಟ್ಟೆಗೆ ಹೋದಾಗ ಬಂಗುಡೆ, ಅಂಜಲ್‌ಗಳ ಪಕ್ಕದಲ್ಲಿ ಮೊಣಕೈಯುದ್ದದ ಬೂದುಬಣ್ಣದ ತಾಟೆ ಮರಿಗಳು, ಅಂದರೆ ಶಾರ್ಕ್ ಮರಿಗಳು, ಕಂಡರೆ ಒಂದನ್ನು ಮಗುಚಿ ನೋಡಿ. ಬಿಳಿಯ ಹೊಟ್ಟೆಯ ಮೇಲ್ಭಾಗದಲ್ಲಿ, ಎದೆಯ ಎರಡು ಈಜುರೆಕ್ಕೆಗಳ ನಡುವೆ, ಒಂದು ಸಣ್ಣ ಸೀಳು ಕಾಣಬಹುದು. ಕೆಲವು ಮರಿಗಳಲ್ಲಿ ಅದು ಇನ್ನೂ ತೆರೆದೇ ಇರುತ್ತದೆ, ಅಂಚು ಕೆಂಪಗಿರುತ್ತದೆ. ಅದು ಹೊಕ್ಕುಳು. ಶಾರ್ಕ್‌ಗಳಲ್ಲಿ ಹಲವು ಜಾತಿಗಳು ಮೊಟ್ಟೆಯಿಡುವುದಿಲ್ಲ. ತಾಯಿ ಮರಿಯನ್ನು ಹೊಟ್ಟೆಯಲ್ಲೇ ಹೊತ್ತು, ಹೊಕ್ಕುಳಬಳ್ಳಿಯಿಂದ ಉಣಿಸಿ, ಹೆರುತ್ತದೆ. ಹೆತ್ತ ಕೆಲವು ವಾರಗಳಲ್ಲಿ ಆ ಗಾಯ ಮಾಯುತ್ತದೆ. ಮಾಯದೆ ಇದ್ದರೆ ಆ ಮರಿ ಸಮುದ್ರಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ ಎಂದರ್ಥ. ಅಂಥ ಮರಿಯನ್ನು ಕೊಳ್ಳಬೇಡಿ. ಈ ಬರಹದ ಕೋರಿಕೆ ಇಷ್ಟೇ. ಯಾಕೆ ಎನ್ನುವುದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಬೂತಾಯಿಯೂ ತಾಟೆಯೂ ಒಂದೇ ದಕ್ಕೆಯಲ್ಲಿ ಇಳಿದರೂ ಅವುಗಳ ಸಂತಾನದ ಲೆಕ್ಕ ಬೇರೆಬೇರೆ. ಬೂತಾಯಿ ಒಂದು ವರ್ಷ ತುಂಬುವ ಹೊತ್ತಿಗೆ ಪ್ರಾಯಕ್ಕೆ ಬಂದು ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಒಂದು ವರ್ಷ ಕಡಿಮೆಯಾದರೂ ಮತ್ತೊಂದು ವರ್ಷ ಮೈದುಂಬಿಕೊಳ್ಳುವ ಶಕ್ತಿ ಅದಕ್ಕಿದೆ. ಸುತ್ತಿಗೆತಲೆ ಶಾರ್ಕ್ ಹಾಗಲ್ಲ. ನಮ್ಮ ಕರಾವಳಿಯಲ್ಲೂ ಬಲೆಗೆ ಬೀಳುವ ಈ ಜಾತಿಯ ಹೆಣ್ಣು ಸುಮಾರು ಎರಡು ಮೀಟರ್ ಉದ್ದ ಬೆಳೆದ ಮೇಲಷ್ಟೇ ಮರಿ ಹಾಕುತ್ತದೆ. ಅಷ್ಟು ಬೆಳೆಯಲು ಹಲವು ವರ್ಷ ಬೇಕಾಗುತ್ತದೆ. ಗರ್ಭ ಹೊರುವುದು ಸುಮಾರು ಹತ್ತು ತಿಂಗಳು. ಒಂದು ಹೆರಿಗೆಗೆ ಹನ್ನೆರಡರಿಂದ ನಲವತ್ತು ಮರಿ, ಪ್ರತಿಯೊಂದೂ ಒಂದೂವರೆ ಅಡಿಯ ಆಸುಪಾಸು. ಅಂದರೆ ಬುಟ್ಟಿಯಲ್ಲಿ ಕಾಣುವ ಒಂದೂವರೆ ಅಡಿಯ ಸುತ್ತಿಗೆತಲೆ ಆಗಷ್ಟೇ ಹುಟ್ಟಿದ ಕೂಸು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ ಈ ಜಾತಿಯನ್ನು ಅಳಿವಿನ ತೀರ ಅಂಚಿಗೆ ಬಂದವುಗಳ ಪಟ್ಟಿಯಲ್ಲಿಟ್ಟಿದೆ. ಜೂನ್ 1ರಿಂದ ಜುಲೈ 31ರವರೆಗೆ ನಾವು ಪಾಲಿಸುವ 61 ದಿನಗಳ ಮೀನುಗಾರಿಕಾ ರಜೆ ಒಳ್ಳೆಯದೇ, ಆದರೆ ಹತ್ತು ತಿಂಗಳ ಬಸಿರಿಗೆ, ಹಲವು ವರ್ಷದ ಬೆಳವಣಿಗೆಗೆ ಆ ರಜೆ ಸಾಲದು.

ಜಗತ್ತಿನ ಲೆಕ್ಕವೂ ಇದನ್ನೇ ಹೇಳುತ್ತದೆ. 1970ರಿಂದೀಚೆಗೆ ತೆರೆದ ಸಾಗರಗಳ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇ. 71ರಷ್ಟು ಕುಸಿದಿದೆ ಎಂದು 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಕಾರಣ ಮುಖ್ಯವಾಗಿ ಒಂದೇ: ಮಿತಿಮೀರಿದ ಮೀನುಗಾರಿಕೆ. ಇದರಲ್ಲಿ ನಮ್ಮ ಪಾಲು ದೊಡ್ಡದು. ಈ ಶತಮಾನದ ಮೊದಲ ದಶಕದಲ್ಲಿ ಜಗತ್ತಿನಲ್ಲಿ ಹಿಡಿದ ಶಾರ್ಕ್‌ಗಳ ಐದನೇ ಒಂದು ಪಾಲಿಗೂ ಹೆಚ್ಚನ್ನು ಇಂಡೊನೇಷ್ಯಾ ಮತ್ತು ಭಾರತ ಎರಡೇ ಹಿಡಿದಿದ್ದವು.

ಇಲ್ಲಿ ಕಡಲವಿಜ್ಞಾನಿ ದಿವ್ಯಾ ಕಾರ್ನಾಡ್ ಅವರ ಕೆಲಸವನ್ನು ನೆನೆಯಲೇಬೇಕು. ಶಾರ್ಕ್ ಎಂದಕೂಡಲೇ ನಮ್ಮ ಸರ್ಕಾರಕ್ಕೆ ಹೊಳೆಯುತ್ತಿದ್ದುದು ರೆಕ್ಕೆ ವ್ಯಾಪಾರ, ಪೂರ್ವ ಏಷ್ಯಾದ ಸೂಪು. 2013ರಲ್ಲಿ ರೆಕ್ಕೆ ಕತ್ತರಿಸಿ ಒಡಲನ್ನು ಕಡಲಿಗೆಸೆಯುವುದನ್ನು ನಿಷೇಧಿಸಲಾಯಿತು. 2015ರಲ್ಲಿ ರೆಕ್ಕೆಯ ರಫ್ತೂ ನಿಂತಿತು. ಆದರೂ ಶಾರ್ಕ್ ಚೇತರಿಸಿಕೊಳ್ಳಲಿಲ್ಲ. ಕಾರ್ನಾಡ್ ಮತ್ತು ಅವರ ಸಹಸಂಶೋಧಕರು ಮೀನುಗಾರರನ್ನೂ ವ್ಯಾಪಾರಿಗಳನ್ನೂ ಕೇಳುತ್ತಾ ಹೋದರು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನ ತೆರೆದಿಟ್ಟ ಸತ್ಯ ಇದು: ಭಾರತದಲ್ಲಿ ಶಾರ್ಕ್ ಅನ್ನು ಕಾಡುತ್ತಿರುವ ಬೇಡಿಕೆ ಹೊರದೇಶದ್ದು ಮಾತ್ರವಲ್ಲ, ದೇಶದೊಳಗಿನ ಮಾಂಸದ ಮಾರುಕಟ್ಟೆಯದೂ ಹೌದು, ಅದರಲ್ಲೂ ಸಣ್ಣ ಗಾತ್ರದ ಶಾರ್ಕ್‌ಗಳದು. ಹೆಚ್ಚಿನ ಮೀನುಗಾರರು ತಾಟೆಗೆಂದೇ ಕಡಲಿಗಿಳಿಯುವುದಿಲ್ಲ. ಬೇರೆ ಮೀನಿನ ಜೊತೆ ಟ್ರಾಲ್ ಬಲೆಗೆ ಅದು ಬೀಳುತ್ತದೆ, ಬಿದ್ದದ್ದಕ್ಕೆ ಬೆಲೆ ಸಿಗುತ್ತದೆ.

ನನಗೆ ಇದು ಬಹಳ ಮುಖ್ಯವಾದ ಮಾತು ಅನ್ನಿಸುತ್ತದೆ. ದೋಷ ದೂರದ ಯಾವುದೋ ಊಟದ ಮೇಜಿನಲ್ಲಿದ್ದರೆ ನಾವು ಮರುಗುವುದನ್ನು ಬಿಟ್ಟು ಇನ್ನೇನೂ ಮಾಡಲಾಗುತ್ತಿರಲಿಲ್ಲ. ದೋಷ ನಮ್ಮ ಅಡುಗೆಮನೆಯಲ್ಲಿದ್ದರೆ ಪರಿಹಾರವೂ ಅಲ್ಲೇ ಶುರುವಾಗಬಹುದು.

ಹುಬ್ಬಳ್ಳಿ, ಬೆಳಗಾವಿಯಿಂದ ವಾರಾಂತ್ಯಕ್ಕೆ ಗೋವೆಗೆ ಹೋಗುವವರು ಒಂದು ವಿಷಯ ತಿಳಿದಿರಲಿ. ದೇಶದ ಕರಾವಳಿ ರಾಜ್ಯಗಳ ಹೋಟೆಲುಗಳ ಮೆನುಗಳನ್ನು ಸಂಶೋಧಕರು ಜಾಲಾಡಿದಾಗ ಕಡಲಿನ ಆಹಾರ ಬಡಿಸುವ ಸುಮಾರು ಹತ್ತರಲ್ಲಿ ಒಂದು ಹೋಟೆಲಿನಲ್ಲಿ ಶಾರ್ಕ್ ಇತ್ತು. ಮುಂಚೂಣಿಯಲ್ಲಿದ್ದುದು ಗೋವೆ ಮತ್ತು ತಮಿಳುನಾಡು. ಮಾಂಸ ಮೃದುವೆಂದು ಮರಿಗಳಿಗೇ ಬೇಡಿಕೆ. ಶಾರ್ಕ್ ಹಾಕಿ ಮಾಡುವ ಗೋವೆಯ ಸಾರು ಅಂಬೊಟ್ ಟಿಕ್ ತಿನ್ನಲೇಬೇಕೆಂದರೆ ಬೇರೆ ಮೀನಿನದ್ದು ಕೇಳಿ. ಹುಳಿ, ಖಾರ ಅದೇ ಇರುತ್ತದೆ.

ಇನ್ನು ಬಾಣಂತಿಯರ ವಿಷಯ. ತಾಟೆ ತಿಂದರೆ ಎದೆಹಾಲು ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಕರಾವಳಿಯಲ್ಲಿ ಹಳೆಯದು. ಅಜ್ಜಿಯಂದಿರು ಕಾಳಜಿಯಿಂದಲೇ ಹೇಳಿದ್ದಾರೆ, ಅವರನ್ನು ಹಳಿಯುವ ಉದ್ದೇಶ ನನಗಿಲ್ಲ. ಆದರೆ ಶಾರ್ಕ್ ಬೇರೆ ಮೀನುಗಳನ್ನು ತಿಂದು ಬದುಕುವ ಪ್ರಾಣಿ. ಆ ಮೀನುಗಳ ಮೈಯಲ್ಲಿರುವ ಪಾದರಸವೆಲ್ಲ ಅದರ ಮಾಂಸದಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. ಪಾದರಸ ಎಳೆಯ ಮಗುವಿನ ನರಮಂಡಲಕ್ಕೆ ಹಾನಿ ಮಾಡುತ್ತದೆ. ಗರ್ಭಿಣಿಯರೂ ಹಾಲೂಡುವ ತಾಯಂದಿರೂ ಶಾರ್ಕ್ ತಿನ್ನಲೇಬಾರದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸ್ಪಷ್ಟವಾಗಿ ಹೇಳುತ್ತದೆ. ಮರಿಯಲ್ಲಿ ಪಾದರಸ ದೊಡ್ಡದಕ್ಕಿಂತ ಕಡಿಮೆ ಇರಬಹುದು, ನಿಜ. ಆದರೆ ಬುಟ್ಟಿಯಲ್ಲಿರುವುದನ್ನು ಅಳೆದು ನೋಡುವವರು ಯಾರು? ಬಾಣಂತಿಗೆ ಮೀನೇ ಬೇಕೆಂದರೆ ಬೂತಾಯಿ ಇದೆ. ಅದರಲ್ಲಿ ಒಮೆಗಾ-3 ಧಾರಾಳವಾಗಿದೆ, ಪಾದರಸ ತೀರ ಕಡಿಮೆ, ಬೆಲೆಯೂ ಕೈಗೆಟುಕುವಂಥದ್ದು. ಹೆರಿಗೆ ಆಸ್ಪತ್ರೆಯ ವೈದ್ಯರೂ ದಾದಿಯರೂ ಆಶಾ ಕಾರ್ಯಕರ್ತೆಯರೂ ಇದನ್ನು ಬಾಯಿಬಿಟ್ಟು ಹೇಳಬೇಕು.

ಸಣ್ಣದಾಗಿ ಕಂಡ ತಾಟೆಯೆಲ್ಲ ಮರಿಯಲ್ಲ ಎಂಬುದನ್ನೂ ಹೇಳದೆ ಬಿಡಬಾರದು. ಸಲಿಕೆಯಂತೆ ಚಪ್ಪಟೆ ಮೂತಿಯ ಒಂದು ಸಣ್ಣ ಜಾತಿ ನಮ್ಮ ಕಡಲಿನಲ್ಲಿ ಹೇರಳವಾಗಿದೆ. ಒಂದಡಿ ದಾಟುತ್ತಲೇ ಅದು ಪ್ರಾಯಕ್ಕೆ ಬರುತ್ತದೆ, ಪೂರ್ತಿ ಬೆಳೆದರೂ ಎರಡೂವರೆ ಅಡಿ ಮೀರುವುದಿಲ್ಲ, ಸಂತಾನವೂ ಬೇಗ. ಮಿತಿಯಲ್ಲಿ ಹಿಡಿದರೆ ಅದು ತಡೆದುಕೊಳ್ಳಬಲ್ಲದು. ಹಾಗಾಗಿ ತಾಟೆಯನ್ನೇ ಬಿಟ್ಟುಬಿಡಿ ಎಂದು ಮೀನುಗಾರರಿಗೆ ನಾನು ಹೇಳುತ್ತಿಲ್ಲ. ಡೀಸೆಲ್, ಐಸ್, ಆಳುಗಳ ಸಂಬಳ ಕಳೆದು ಉಳಿಯುವ ಆದಾಯದಲ್ಲಿ ಸಂಸಾರ ಸಾಗಿಸುವವರಿಗೆ ಹಾಗೆ ಹೇಳುವುದು ನ್ಯಾಯವೂ ಅಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಹೆಂಗಸರ ಮೇಲೆ ಪರಿಸರದ ಹೊಣೆಯನ್ನೆಲ್ಲ ಹೊರಿಸುವುದಂತೂ ಸಲ್ಲ. ಆದರೆ ಮರಿಗೆ ಬೆಲೆ ಇರುವಷ್ಟು ಕಾಲ ಮರಿಗಳಿರುವ ಜಾಗದಿಂದ ಬೋಟನ್ನು ದೂರ ಇಡಲು ಯಾರಿಗೂ ಕಾರಣವಿರುವುದಿಲ್ಲ. ಬಲೆಗೆ ಬಿದ್ದ ಮೇಲೆ ಬಿಡುತ್ತೇವೆ ಎಂದರೂ ಸುತ್ತಿಗೆತಲೆಯಂಥವು ಬದುಕುವುದು ಕಡಿಮೆ. ಈಜುತ್ತಲೇ ಉಸಿರಾಡಬೇಕಾದ ಅವು ಬಲೆಯೊಳಗೆ ಬೇಗ ಸಾಯುತ್ತವೆ. ಬಲೆಗೆ ಬೀಳದಂತೆ ನೋಡಿಕೊಳ್ಳುವುದೊಂದೇ ದಾರಿ. ಮರಿ ಹಾಕುವ ಜಾಗ, ಕಾಲ ಮೀನುಗಾರರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಮೀನುಗಾರರನ್ನು ಜೊತೆಗಿಟ್ಟುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಗುಜರಾತ್ ಸಾಕ್ಷಿ. ಸೌರಾಷ್ಟ್ರದ ಕಡಲಿನಲ್ಲಿ ತಿಮಿಂಗಿಲ ಶಾರ್ಕ್ ಅನ್ನು ಪೀಪಾಯಿ ಕಟ್ಟಿ, ದಣಿಸಿ ಕೊಲ್ಲುತ್ತಿದ್ದರು. ಸಾಕ್ಷ್ಯಚಿತ್ರ ನಿರ್ಮಾಪಕ ಮೈಕ್ ಪಾಂಡೆ ಅದನ್ನು ಚಿತ್ರೀಕರಿಸಿದರು. 2001ರಲ್ಲಿ ಆ ಪ್ರಾಣಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿತು. ಕಾನೂನು ಬಂದಮಾತ್ರಕ್ಕೆ ಕೊಲೆ ಪೂರ್ತಿ ನಿಲ್ಲಲಿಲ್ಲ. 2004ರಲ್ಲಿ ರಾಮಕಥೆಯ ಪ್ರವಚನಕಾರ ಮೊರಾರಿ ಬಾಪು, ಹೆರಿಗೆಗೆ ತವರಿಗೆ ಬರುವ ಮಗಳು ಅದು ಎಂದು ಜನರಿಗೆ ಹೇಳಿದರು. ಬಲೆಗೆ ಸಿಕ್ಕ ಶಾರ್ಕ್ ಬಿಡಲು ಬಲೆ ಕತ್ತರಿಸಿದವರಿಗೆ ಅದರ ನಷ್ಟವನ್ನು ಅರಣ್ಯ ಇಲಾಖೆ ತುಂಬಿಕೊಟ್ಟಿತು. ಬಿಟ್ಟದ್ದಕ್ಕೆ ಪುರಾವೆಯಾಗಿ ಫೋಟೊ ತೆಗೆಯಲು ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ಹಿಂದೆ ಬೇಟೆಯಾಡಿದ್ದ ಊರುಗಳ ಜನರೇ ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ಕಡಲಿಗೆ ಮರಳಿಸಿದ್ದಾರೆ.

ನಮ್ಮಲ್ಲೂ ಆಗಬೇಕಾದುದು ಅಸಾಧ್ಯವಾದದ್ದೇನಲ್ಲ. ಹಿಡಿದು ಮಾರಬಹುದಾದ ಕನಿಷ್ಠ ಗಾತ್ರದ ನಿಯಮವನ್ನು ಕೇರಳ 2015ರಲ್ಲೇ 14 ಜಾತಿಯ ಮೀನುಗಳಿಗೆ ತಂದಿತು, ಆಮೇಲೆ ಅದನ್ನು ಹಿಗ್ಗಿಸಿತು. ದೊಡ್ಡದಾಗಿ ಬೆಳೆಯುವ ಶಾರ್ಕ್ ಜಾತಿಗಳಿಗೆ ಅಂಥ ನಿಯಮ ಮಲ್ಪೆ, ಮಂಗಳೂರು, ಕಾರವಾರದ ದಕ್ಕೆಗಳಲ್ಲಿ ಹರಾಜಿನ ಹೊತ್ತಿಗೇ ಜಾರಿಯಾಗಬೇಕು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಮಂಗಳೂರಿನಲ್ಲೇ ಇದೆ. ಯಾವ ಜಾತಿಗೆ ಎಷ್ಟು ಉದ್ದ ಎಂದು ಹೇಳಬಲ್ಲ ವಿಜ್ಞಾನಿಗಳಿಗೆ ಕೊರತೆಯಿಲ್ಲ. ಮರಿಗಳ ಜಾಗ ಬಿಟ್ಟು ಮೀನು ಹಿಡಿಯುವವರಿಗೆ ನಷ್ಟವಾದರೆ ಅದನ್ನು ಸರ್ಕಾರ ಭರಿಸಬೇಕು.

ಇಲಾಖೆ ತಾನಾಗಿ ಏಳುವವರೆಗೆ ಕಾಯಬೇಡಿ. ಮರಿ ತಾಟೆ ಬೇಡವೆಂದು ನಿಮ್ಮ ಮೀನಿನವರಿಗೆ ಪ್ರೀತಿಯಿಂದ ಹೇಳಿ, ಬದಲಿಗೆ ಬೇರೆ ಮೀನನ್ನು ಅವರಿಂದಲೇ ಕೊಳ್ಳಿ. ಮೆನುವಿನಲ್ಲಿ ಬೇಬಿ ಶಾರ್ಕ್ ಕಂಡರೆ ಹೋಟೆಲಿನ ಮಾಲೀಕರನ್ನು ಕರೆದು ಮಾತಾಡಿ. ಆಮೇಲೆ ನಿಮ್ಮ ಶಾಸಕರಿಗೂ ಜಿಲ್ಲೆಯ ಮೀನುಗಾರಿಕಾ ಇಲಾಖೆಯ ಅಧಿಕಾರಿಗೂ ಒಂದೊಂದು ಪತ್ರ ಬರೆಯಿರಿ: ಶಾರ್ಕ್ ಮರಿಗಳ ಹರಾಜು ನಿಲ್ಲಿಸಿ, ಇದರಿಂದ ಆದಾಯ ಕಳೆದುಕೊಳ್ಳುವ ಮೀನುಗಾರರಿಗೆ ಪರಿಹಾರ ಕೊಡಿ ಎಂದು. ಎರಡು ಸಾಲು ಸಾಕು, ಈ ವಾರವೇ ಬರೆಯಿರಿ.